ಗಂಡ ಸತ್ತ ಹೆಣ್ಣುಮಗಳು ಮತ್ತು ಕಾನೂನು
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ಸಂತೋಷದಾಗ ಇಂಥ ವಿಷಯ ಯಾಕ ತೆಗೆದ ಅಂತ ಕೆಲವರಿಗೆ ಅನಿಸಬಹುದು. ನಮ್ಮ ಸಂಘದ ಶೇರು ಪುಸ್ತಕದಲ್ಲಿ ತೀರಿಕೊಂಡ ಸದಸ್ಯರ ಹೆಸರು ವರ್ಷಗಟ್ಟಲೆ ಹಂಗೇ ಉಳಿದಿರುತ್ತವೆ. ಅವರ ಹೆಂಡಂದಿರು ಯಾಕ ಬರಲಿಲ್ಲ ಅಂತ ವಿಚಾರ ಮಾಡಿದಾಗ ಈ ಮಾತು ಇಲ್ಲೇ ಆಡಬೇಕು ಅನಿಸಿತು.

ಗಂಡ ಸತ್ತರೆ ನಾವು ಹೆಣ್ಣುಮಗಳಿಗೆ ಏನು ಮಾಡುತ್ತೇವೆ ಎಂಬುದು ನಿಮಗೆಲ್ಲ ಗೊತ್ತು. ಬಳೆ ಒಡೆಯುತ್ತೇವೆ, ಕುಂಕುಮ ಅಳಿಸುತ್ತೇವೆ, ತಾಳಿ, ಕಾಲುಂಗುರ ತೆಗೆಸುತ್ತೇವೆ. ಉಡಿ ತುಂಬುವಾಗ ಆಕಿಯನ್ನು ಹಿಂದೆ ಸರಿಸುತ್ತೇವೆ. ಹೆತ್ತ ಮಗಳ ಮದುವಿಯನ್ನೂ ಆಕಿ ಮೂಲೆಯಲ್ಲಿ ನಿಂತು ನೋಡಬೇಕು. ಕಳೆ ತೆಗೆಯಲಿಕ್ಕೆ, ಹತ್ತಿ ಬಿಡಿಸಲಿಕ್ಕೆ ಮಾತ್ರ ಯಾವ ಅಪಶಕುನವೂ ಇಲ್ಲ!

ಮೂಲೆಗೆ ಕೂತ ದಿನಗಳಲ್ಲೇ ಕಾಗದಪತ್ರದ ಕೆಲಸ ನಡೆದುಬಿಡುತ್ತದೆ. ನಾನು ಬಲ್ಲ ಒಬ್ಬ ತಾಯಿ ಹೊರಗೆ ಬರುವುದರೊಳಗೆ ಮೈದುನರು ವಾರಸಾ ಅರ್ಜಿ ಕೊಟ್ಟಿದ್ದರು. ಅದರಲ್ಲಿ ಆಕಿಯ ಹೆಸರೇ ಇರಲಿಲ್ಲ. ಸರಿಪಡಿಸಲು ಎರಡು ವರ್ಷ ತಿರುಗಾಡಿದಳು.

ಇನ್ನು ಕಾನೂನಿನ ಮಾತು. 1856ರಲ್ಲಿ ವಿಧವಾ ಪುನರ್ವಿವಾಹ ಕಾಯ್ದೆ ಬಂತು. ಅದಕ್ಕಾಗಿ ಹೋರಾಡಿದವರು ಈಶ್ವರಚಂದ್ರ ವಿದ್ಯಾಸಾಗರರು. ಆದರೆ ಮರುಮದುವೆಯಾದವಳು ಮೊದಲಿನ ಗಂಡನ ಆಸ್ತಿ ಬಿಡಬೇಕು ಅಂತ ಅದೇ ಕಾಯ್ದೆ ಹೇಳಿತು. "ಉಡಕಿ ಆದರ ಹೊಲ ಹೋತು" ಅಂತ ಇಂದಿಗೂ ಅನ್ನುವವರಿದ್ದಾರೆ. ಅದು ಸತ್ತುಹೋದ ಕಾಯ್ದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಮರಣಪತ್ರ ಬರೆಯದೆ ತೀರಿಕೊಂಡವನ ಪಾಲಿನಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇವರಿಗೆ ಸಮಪಾಲು. ಬಂದ ಪಾಲಿಗೆ ಆಕಿಯೇ ಪೂರ್ಣ ಒಡತಿ. ಮುಂದೆ ಮದುವೆಯಾದರೂ ಅದು ಹೋಗುವುದಿಲ್ಲ. ಗಂಡನ ಮನೆಯಿಂದ ಹೊರಗೆ ಹಾಕಿದರೆ, ಹಿಂಸೆ ಕೊಟ್ಟರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋದರೆ ದೂರು ಬರೆದುಕೊಳ್ಳುತ್ತಾರೆ.

ಬಳೆ ಒಡೆಯುವುದಕ್ಕೆ ಶಿಕ್ಷೆ ಏನು? ನಮ್ಮ ರಾಜ್ಯದಲ್ಲಿ 2017ರ ಮೂಢನಂಬಿಕೆ ತಡೆ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಮುಟ್ಟಾದವರನ್ನು, ಬಸುರಿಯರನ್ನು ಊರ ಹೊರಗೆ ಇಡುವುದು ಅದರಲ್ಲಿ ಅಪರಾಧ. ಬಳೆ, ಕುಂಕುಮದ ಹೆಸರು ಅದರಲ್ಲಿ ಇಲ್ಲ. ಹಂಗಾದರ ಸುಮ್ಮನೆ ಕೂಡುವುದೇ?

ನಮ್ಮ ಗಡಿಯ ಆಚೆ ಕೊಲ್ಲಾಪುರ ಜಿಲ್ಲೆ ಶಿರೋಳ ತಾಲೂಕಿನಲ್ಲಿ ಹೇರವಾಡ ಅಂತ ಊರಿದೆ. ಕೋವಿಡ್‌ನಲ್ಲಿ ಹರೇದ ಗಂಡಸರು ಸತ್ತು ಎಳೇ ಹೆಣ್ಣುಮಕ್ಕಳ ಬಳೆ ಒಡೆಯುವುದನ್ನು ಕಂಡ ಜನ, 2022ರ ಮೇ ತಿಂಗಳಲ್ಲಿ ಗ್ರಾಮಸಭೆ ಕೂಡಿಸಿ ಇದನ್ನು ನಿಲ್ಲಿಸುವ ಠರಾವು ಮಾಡಿದರು. ಅದು ಶಾಹೂ ಮಹಾರಾಜರು ತೀರಿಕೊಂಡು ನೂರು ವರ್ಷ ತುಂಬಿದ ಸಮಯ. ಉಳಿದ ಪಂಚಾಯತಿಗಳೂ ಹೀಗೆ ಮಾಡಲಿ ಅಂತ ಅದೇ ತಿಂಗಳು ಮಹಾರಾಷ್ಟ್ರ ಸರಕಾರ ಸುತ್ತೋಲೆ ಕಳಿಸಿತು. ಅಂದರೆ ಊರು ಮುಂದೆ, ಸರಕಾರ ಹಿಂದೆ.

ನಮ್ಮ ಕಣಗಿನಹಾಳಕ್ಕೆ ಇದು ಹೊಸದಲ್ಲ. ಸಹಕಾರ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಇಲ್ಲಿ ಪತ್ತಿನ ಸಂಘ ಕಟ್ಟಿದರು. ಸಾವುಕಾರನ ಬಡ್ಡಿಯೂ ಆಗ ಜನರಿಗೆ ಹಣೆಬರಹದಂತೆ ಕಾಣುತ್ತಿತ್ತು.

ನಿರ್ದೇಶಕನಾಗಿ ನನ್ನ ಸೂಚನೆ ಇಷ್ಟು. ಹೇರವಾಡದಂಥ ಠರಾವನ್ನು ನಮ್ಮ ಗ್ರಾಮಸಭೆಯಲ್ಲೂ ಇಡೋಣ. ಬಳೆ ಇಟ್ಟುಕೊಳ್ಳುವುದು, ತೆಗೆಯುವುದು ಆಕಿಯ ಇಚ್ಛೆ, ಒತ್ತಾಯ ಬೇಡ. ಸದಸ್ಯರು ತೀರಿಕೊಂಡರೆ ಹೆಂಡತಿ ಕಚೇರಿಗೆ ಬರಲಿ ಅಂತ ಕಾಯುವುದು ಬೇಡ, ಒಬ್ಬ ನಿರ್ದೇಶಕ ಮತ್ತು ಕಾರ್ಯದರ್ಶಿ ಮನೆಗೇ ಹೋಗಿ ಶೇರು, ಠೇವು, ಸಾಲದ ಲೆಕ್ಕ ಆಕಿಗೇ ಓದಿ ಹೇಳಲಿ.

ನಾಮಿನಿ ಅರ್ಜಿಗಳನ್ನು ಹೊರಗಿನ ಮೇಜಿನ ಮೇಲೆ ಇಡಿಸಿದ್ದೇನೆ. ಹೆಂಡತಿಯ ಹೆಸರು ಬರೆಸದ ಸದಸ್ಯರು ಊಟಕ್ಕೆ ಕೂಡುವ ಮೊದಲು ತುಂಬಿ ಕೊಡಬೇಕು ಅಂತ ವಿನಂತಿ.