ಕೌಂಟ್ ಇಳಿದ ದಿನಗಳ ಕಾವಲು

ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ಎಂಬುದು ಎಲುಬಿನೊಳಗಿನ ಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ತಡೆಯಿಲ್ಲದೆ ಹೆಚ್ಚಿ, ಆರೋಗ್ಯವಂತ ಕಣಗಳು ಹುಟ್ಟುವುದಕ್ಕೆ ಜಾಗವೇ ಇಲ್ಲದಂತೆ ಮಾಡುವ ರಕ್ತದ ಕ್ಯಾನ್ಸರು. ದಶಕಗಳಿಂದ ಬಳಕೆಯಲ್ಲಿರುವ ಅದರ ಮೊದಲ ಸುತ್ತಿನ ಕೀಮೋಥೆರಪಿಯಲ್ಲಿ ಸೈಟರಬಿನ್ ಎಂಬ ಔಷಧ ಏಳು ದಿನ ಹಗಲೂ ರಾತ್ರಿ ಡ್ರಿಪ್ಪಿನಲ್ಲಿ ಹರಿಯುತ್ತದೆ. ಡೌನೋರುಬಿಸಿನ್ ಎಂಬ ಕೆಂಪು ಬಣ್ಣದ ಔಷಧವನ್ನು ಅದರೊಡನೆ ಮೂರು ದಿನ ಕೊಡುತ್ತಾರೆ. ಅಲ್ಲಿಗೆ ಔಷಧದ ಪಾಲು ಮುಗಿಯುತ್ತದೆ, ವಾರ್ಡಿನ ಪಾಲು ಶುರುವಾಗುತ್ತದೆ. ಈ ಔಷಧಗಳಿಗೆ ಕೆಟ್ಟ ಕಣ, ಒಳ್ಳೆಯ ಕಣ ಎಂಬ ಭೇದ ಹೆಚ್ಚಾಗಿ ತಿಳಿಯದ ಕಾರಣ ಮಜ್ಜೆ ಬಹುಮಟ್ಟಿಗೆ ಬರಿದಾಗುತ್ತದೆ. ಅದು ಮತ್ತೆ ಚಿಗುರಿಕೊಳ್ಳುವ ತನಕ, ಅಂದರೆ ಎರಡು ಮೂರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ, ರೋಗಿಯ ಬದುಕು ದಾದಿಯರು, ಪ್ರಯೋಗಾಲಯದ ತಂತ್ರಜ್ಞರು, ರಕ್ತನಿಧಿಯ ಸಿಬ್ಬಂದಿ, ಔಷಧಕಾರರು ಮತ್ತು ವೈದ್ಯರ ಎಚ್ಚರದ ಮೇಲೆ ನಿಂತಿರುತ್ತದೆ. ಹೊಸ ಔಷಧಗಳ ಸುದ್ದಿ ಪತ್ರಿಕೆಗಳಲ್ಲಿ ಬರುವಷ್ಟು ಈ ಕಾವಲಿನ ಸುದ್ದಿ ಬರುವುದಿಲ್ಲ. ಆದರೆ ಕಾವಲು ಸಡಿಲವಾದ ಕಡೆ ಎಷ್ಟು ಒಳ್ಳೆಯ ಔಷಧವೂ ಕೈಕೊಡುತ್ತದೆ.

ವಾರ್ಡಿನಲ್ಲಿ ದಿನ ಬೆಳಗಾದರೆ ಎಲ್ಲರ ಬಾಯಲ್ಲೂ ಇರುವ ಮಾತು ಕೌಂಟ್, ಅಂದರೆ ರಕ್ತಕಣಗಳ ಎಣಿಕೆ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ 4,000ದಿಂದ 11,000ದಷ್ಟು ಬಿಳಿಕಣಗಳೂ 1.5 ಲಕ್ಷದಿಂದ 4 ಲಕ್ಷದಷ್ಟು ಪ್ಲೇಟ್‌ಲೆಟ್‌ಗಳೂ ಇರುತ್ತವೆ. ಬಿಳಿಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ವಿರುದ್ಧ ಮೊದಲ ಸಾಲಿನಲ್ಲಿ ನಿಲ್ಲುವಂಥದ್ದು. ಪ್ಲೇಟ್‌ಲೆಟ್ ಎಂಬುದು ರಕ್ತ ಹೆಪ್ಪುಗಟ್ಟಿಸಿ ಸೋರಿಕೆ ತಡೆಯುವ ಪುಟ್ಟ ಬಿಲ್ಲೆ. ರಕ್ತದಲ್ಲಿ ನ್ಯೂಟ್ರೋಫಿಲ್ ಒಂದು ದಿನವೂ ಬಾಳುವುದು ಕಷ್ಟ, ಪ್ಲೇಟ್‌ಲೆಟ್ ಎಂಟು ಹತ್ತು ದಿನ ಬಾಳುತ್ತದೆ, ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಹೊಸ ಕಣಗಳು ಹುಟ್ಟುವುದು ನಿಂತಾಗ ಆಯುಸ್ಸು ಕಡಿಮೆಯಿರುವ ಕಣಗಳೇ ಮೊದಲು ಕರಗುವುದರಿಂದ, ಸೋಂಕು ಮತ್ತು ರಕ್ತಸ್ರಾವದ ಭಯ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ.

ಈ ಎಣಿಕೆಯನ್ನು ಇಂದು ಯಂತ್ರವೇ ನಿಮಿಷದೊಳಗೆ ಕೊಡುತ್ತದೆ. ಆದರೂ ಅನುಭವವುಳ್ಳ ತಂತ್ರಜ್ಞರು ಅನುಮಾನ ಬಂದ ಪ್ರತಿಯೊಂದು ಮಾದರಿಯ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಎಳೆದು, 1901ರಲ್ಲಿ ವಿಲಿಯಂ ಲೀಷ್‌ಮನ್ ವಿವರಿಸಿದ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡುತ್ತಾರೆ. ಮಾದರಿಯ ಕೊಳವೆಯಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿದ್ದರೆ ಯಂತ್ರ ಅವುಗಳನ್ನು ಎಣಿಸಲಾರದೆ ಸುಳ್ಳು ಲೆಕ್ಕ ಕೊಡುತ್ತದೆ, ಆ ಲೆಕ್ಕವನ್ನು ನಂಬಿದರೆ ಬೇಡದ ರಕ್ತ ಏರಿಸಿದಂತಾಗುತ್ತದೆ. ಮಜ್ಜೆಯ ಪರೀಕ್ಷೆಯಲ್ಲಂತೂ ಕೈಯ ಹದವೇ ಮುಖ್ಯ. ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಸೊಂಟದ ಹಿಂಭಾಗದ ಎಲುಬಿನ ಮೇಲೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ವೈದ್ಯರು ದಪ್ಪ ಸೂಜಿಯನ್ನು ತಿರುಗಿಸುತ್ತ ಒಳಗಿಳಿಸಿ ಮಜ್ಜೆಯನ್ನು ಎಳೆಯುವಾಗ, ಮರಗಟ್ಟಿಸುವ ಮದ್ದು ತಲುಪದ ಆಳದಲ್ಲಿ ಒಂದೆರಡು ಕ್ಷಣ ತೀಕ್ಷ್ಣವಾದ ನೋವು ಎದ್ದೇ ಏಳುತ್ತದೆ. ಆ ಕ್ಷಣಕ್ಕೆ ದಾದಿ ರೋಗಿಯ ಕೈ ಹಿಡಿದು ಮುನ್ಸೂಚನೆ ಕೊಟ್ಟಿರಬೇಕು, ತಂತ್ರಜ್ಞರು ಹಾಸಿಗೆಯ ಪಕ್ಕದಲ್ಲೇ ಸಿದ್ಧವಾಗಿರಬೇಕು. ಮೊದಲ ಎಳೆತದಲ್ಲಿ ಬಂದ ಅರ್ಧ ಮಿಲಿಲೀಟರಿನಷ್ಟು ದ್ರವದಲ್ಲಿ ಮಜ್ಜೆಯ ಸಣ್ಣ ಹರಳುಗಳು ಕಾಣುತ್ತವೆಯೇ ಎಂದು ಗಾಜನ್ನು ಓರೆ ಹಿಡಿದು ನೋಡಿ, ಅದು ಹೆಪ್ಪುಗಟ್ಟುವುದರೊಳಗೆ ಪಟ್ಟಿಗಳನ್ನು ಎಳೆದು ಮುಗಿಸಬೇಕಾಗುತ್ತದೆ. ಹರಳು ಬಾರದೆ ಬರೀ ರಕ್ತ ಬಂದರೆ ರೋಗಿಗೆ ಇನ್ನೊಮ್ಮೆ ನೋವು ಕೊಡದೆ ಬೇರೆ ದಾರಿಯಿಲ್ಲ.

ರಕ್ತಸ್ರಾವದ ಭಯವನ್ನು ಹಿಮ್ಮೆಟ್ಟಿಸಿದ ಚರಿತ್ರೆ ತೀರ ಹಳೆಯದಲ್ಲ. 1960ರ ದಶಕದವರೆಗೆ ಲ್ಯುಕೇಮಿಯಾ ರೋಗಿಗಳು ರಕ್ತ ಸೋರಿಯೇ ಸಾಯುತ್ತಿದ್ದುದು ಸಾಮಾನ್ಯವಾಗಿತ್ತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಮಿಲ್ ಫ್ರೈರೈಕ್ ಮತ್ತು ಸಂಗಡಿಗರು 1962ರಲ್ಲಿ ಪ್ಲೇಟ್‌ಲೆಟ್ ಎಣಿಕೆ ಇಳಿದಷ್ಟೂ ರಕ್ತಸ್ರಾವ ಹೆಚ್ಚುವುದನ್ನು ಅಂಕಿ ಅಂಶಗಳಿಂದ ತೋರಿಸಿಕೊಟ್ಟರು. ಅದೇ ಕಾಲದಲ್ಲಿ ಐಬಿಎಂ ಕಂಪನಿಯ ಎಂಜಿನಿಯರ್ ಜಾರ್ಜ್ ಜಡ್ಸನ್ ತಮ್ಮ ಮಗನಿಗೆ ಲ್ಯುಕೇಮಿಯಾ ಬಂದ ಸಂಕಟದಲ್ಲಿ ಈ ತಂಡವನ್ನು ಸೇರಿ, ರಕ್ತವನ್ನು ತಿರುಗಿಸಿ ಅದರ ಕಣಗಳನ್ನು ಬೇರೆಬೇರೆಯಾಗಿ ತೆಗೆಯುವ ಯಂತ್ರವನ್ನು ರೂಪಿಸಲು ದುಡಿದರು. ಇಂದು ರಕ್ತನಿಧಿಗಳಲ್ಲಿ ದಾನಿಯ ತೋಳಿನಿಂದ ರಕ್ತ ಎಳೆದು, ಪ್ಲೇಟ್‌ಲೆಟ್‌ಗಳನ್ನಷ್ಟೇ ಚೀಲಕ್ಕೆ ತುಂಬಿ, ಉಳಿದುದನ್ನು ಅವರ ದೇಹಕ್ಕೇ ಹಿಂದಿರುಗಿಸುವ ಯಂತ್ರಗಳು ಆ ಶ್ರಮದ ಸಂತತಿ.

ಹೀಗೆ ಒಬ್ಬರಿಂದಲೇ ಪಡೆದ ಚೀಲವನ್ನು ಆಸ್ಪತ್ರೆಗಳಲ್ಲಿ ಎಸ್‌ಡಿಪಿ ಎಂದು ಕರೆಯುತ್ತಾರೆ. ಸಾಧಾರಣ ರಕ್ತದಾನದ ಚೀಲಗಳಿಂದ ಬೇರ್ಪಡಿಸಿದ ಸುಮಾರು ಆರು ಪ್ಲೇಟ್‌ಲೆಟ್ ಚೀಲಗಳಿಗೆ ಇದೊಂದು ಸಮ. ಕೆಂಪುಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನ ತಂಪಿನಲ್ಲಿ ಐದಾರು ವಾರ ಇಡಬಹುದು, ಆದರೆ ಪ್ಲೇಟ್‌ಲೆಟ್‌ಗಳಿಗೆ ಫ್ರಿಜ್ಜಿನ ತಂಪು ಒಗ್ಗುವುದಿಲ್ಲ. ಅವುಗಳನ್ನು 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡುವ ತಟ್ಟೆಗಳ ಮೇಲೆ ಇಡಬೇಕು, ಐದು ದಿನ ಕಳೆದರೆ ಚೀಲ ವ್ಯರ್ಥ. ಕೂಡಿಟ್ಟುಕೊಳ್ಳಲಾಗದ ಈ ವಸ್ತುವಿಗಾಗಿ ಹಬ್ಬದ ರಜೆಯಲ್ಲೂ ಪರೀಕ್ಷೆಯ ದಿನಗಳಲ್ಲೂ ದಾನಿಗಳನ್ನು ಹುಡುಕಬೇಕಾದುದು ರಕ್ತನಿಧಿಯವರ ಮುಗಿಯದ ಕೆಲಸ. ಒಡಹುಟ್ಟಿದವರು ತಾವೇ ಕೊಡುತ್ತೇವೆಂದು ಧಾವಿಸಿ ಬರುವುದು ಸಹಜವಾದರೂ, ಹತ್ತಿರದ ಬಂಧುಗಳ ರಕ್ತದಲ್ಲಿರುವ ಬಿಳಿಕಣಗಳನ್ನು ರೋಗಿಯ ದೇಹ ಪರಕೀಯವೆಂದು ಗುರುತಿಸದೆ ಒಳಗೆ ಬಿಟ್ಟುಕೊಂಡು, ಆ ಕಣಗಳೇ ರೋಗಿಯ ಚರ್ಮ, ಕರುಳು, ಮಜ್ಜೆಗಳ ಮೇಲೆ ಎರಗುವ ಅಪಾಯ ಹೆಚ್ಚು. ಆದುದರಿಂದ ಅಂಥ ಚೀಲಗಳಿಗೆ 25 ಗ್ರೇಯಷ್ಟು ವಿಕಿರಣ ಹಾಯಿಸಿ ಆ ಕಣಗಳು ವೃದ್ಧಿಯಾಗದಂತೆ ಮಾಡುತ್ತಾರೆ. ಮುಂದೆ ಯಾರಿಂದ ಮಜ್ಜೆ ಪಡೆಯುವ ಯೋಚನೆಯಿದೆಯೋ ಅವರ ರಕ್ತವನ್ನಂತೂ ಮೊದಲೇ ಏರಿಸುವುದಿಲ್ಲ. ಅಣ್ಣನ ರಕ್ತ ಬೇಡವೆಂದು ಏಕೆ ಹೇಳಲಾಯಿತು ಎಂಬುದನ್ನು ನೊಂದ ಮನೆಯವರಿಗೆ ತಾಳ್ಮೆಯಿಂದ ತಿಳಿಸುವುದೂ ಚಿಕಿತ್ಸೆಯದೇ ಭಾಗ.

ಕಾವಲಿನ ನಿಜವಾದ ಪರೀಕ್ಷೆ ನಡೆಯುವುದು ಜ್ವರ ಬಂದಾಗ. ಲ್ಯುಕೇಮಿಯಾ ರೋಗಿಗಳಲ್ಲಿ ನ್ಯೂಟ್ರೋಫಿಲ್ ಎಣಿಕೆ ಇಳಿದಂತೆಲ್ಲ, ಇಳಿದ ದಿನಗಳು ಹೆಚ್ಚಿದಂತೆಲ್ಲ ಸೋಂಕು ಏರುತ್ತದೆ ಎಂಬುದನ್ನು ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು 1966ರಲ್ಲಿ ಸ್ಪಷ್ಟವಾಗಿ ತೋರಿಸಿದರು. ಎಣಿಕೆ 500ಕ್ಕಿಂತ ಕೆಳಗಿದ್ದರೆ ಅಪಾಯ ಬಹಳ, 100ಕ್ಕಿಂತ ಕೆಳಗಿದ್ದರೆ ಇನ್ನೂ ಹೆಚ್ಚು. ಕೀವು ಆಗಬೇಕಾದರೂ ನ್ಯೂಟ್ರೋಫಿಲ್ ಬೇಕು, ಗಾಯ ಕೆಂಪೇರಿ ಊದಿಕೊಳ್ಳುವುದಕ್ಕೂ ಅದು ಬೇಕು. ಅದಿಲ್ಲದ ದೇಹದಲ್ಲಿ ಶ್ವಾಸಕೋಶ ಸೋಂಕಿಗೆ ತುತ್ತಾದರೂ ಎಕ್ಸ್‌ರೇಯಲ್ಲಿ ಮೊದಮೊದಲು ಏನೂ ಕಾಣದಿರಬಹುದು, ಜ್ವರವೊಂದೇ ಗುರುತಾಗಿ ಉಳಿಯುತ್ತದೆ. ಹೀಗಾಗಿ ಥರ್ಮಾಮೀಟರು ಒಮ್ಮೆ 101 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೂ, ಅಥವಾ 100.4 ಡಿಗ್ರಿಯಲ್ಲಿ ಒಂದು ಗಂಟೆ ನಿಂತರೂ, ಅದು ತುರ್ತು ಪರಿಸ್ಥಿತಿಯೇ ಸರಿ. ರಾತ್ರಿ ಪಾಳಿಯ ದಾದಿ ಜ್ವರ ಗುರುತಿಸಿದ ಕೂಡಲೇ ವೈದ್ಯರಿಗೆ ತಿಳಿಸಿ, ಎದೆಯ ಕಡೆಯ ದೊಡ್ಡ ರಕ್ತನಾಳಕ್ಕೆ ಹಾಕಿರುವ ಕೊಳವೆಯಿಂದ ಒಂದು, ತೋಳಿನಿಂದ ಇನ್ನೊಂದು ರಕ್ತದ ಮಾದರಿಯನ್ನು ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ ತೆಗೆದು, ಅದರ ಫಲಿತಾಂಶಕ್ಕೆ ಕಾಯದೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ಕಿನ ಮೊದಲ ಡೋಸು ರಕ್ತನಾಳಕ್ಕೆ ಹೋಗುವಂತೆ ನೋಡಿಕೊಳ್ಳುತ್ತಾರೆ. ಈ ಒಂದು ಗಂಟೆ ತಪ್ಪಿದರೆ ಬೆಳಗಾಗುವುದರೊಳಗೆ ರಕ್ತದೊತ್ತಡ ಕುಸಿದುಬಿಡಬಹುದು.

ಜ್ವರ ಬಾರದಂತೆ ತಡೆಯುವ ಕೆಲಸ ಕಣ್ಣಿಗೆ ಬೀಳದಷ್ಟು ಸಣ್ಣಸಣ್ಣ ಕ್ರಿಯೆಗಳಲ್ಲಿ ಹಂಚಿಹೋಗಿದೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿ ಹೋಗುವಾಗ ಪ್ರತಿ ಸಲವೂ ಕೈ ತೊಳೆಯುವುದು ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಕೀಮೋದಿಂದ ಬಾಯಿಯ ಒಳಪದರ ಹುಣ್ಣಾಗುವುದರಿಂದ ಪಾಳಿ ಪಾಳಿಗೂ ಟಾರ್ಚ್ ಹಿಡಿದು ಬಾಯಿ ನೋಡುವುದು, ಮೆತ್ತನೆಯ ಬ್ರಷ್ ಕೊಡುವುದು, ಮಾಂಸಖಂಡಕ್ಕೆ ಚುಚ್ಚುಮದ್ದು ಹಾಕದಿರುವುದು, ಗುದದ್ವಾರದಲ್ಲಿ ಥರ್ಮಾಮೀಟರ್ ಇಡದಿರುವುದು ರೂಢಿಯಾಗಿದೆ. ಮಜ್ಜೆ ಕಸಿಯ ಕೊಠಡಿಗಳಲ್ಲಿ ಗಾಳಿಯನ್ನು ಹೆಪಾ ಎಂಬ ಸೋಸುಪದರದ ಮೂಲಕ ಹಾಯಿಸುತ್ತಾರೆ, ಏಕೆಂದರೆ ಧೂಳಿನಲ್ಲಿ, ಅದರಲ್ಲೂ ಕಟ್ಟಡ ಕೆಲಸದ ಧೂಳಿನಲ್ಲಿ, ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಾಣುಗಳಿರುತ್ತವೆ. ನೋಡಲು ಬಂದ ಹೆಣ್ಣುಮಕ್ಕಳು ಮುಡಿದ ಮಲ್ಲಿಗೆಯನ್ನೂ ದೇವಸ್ಥಾನದಿಂದ ತಂದ ಹೂವಿನ ಪ್ರಸಾದವನ್ನೂ ಬಾಗಿಲಲ್ಲೇ ತೆಗೆದಿಡುವಂತೆ ಕೇಳಿಕೊಳ್ಳುವುದೂ ಇದೇ ಕಾರಣಕ್ಕೆ, ಹಸಿ ಹೂವಿನಲ್ಲೂ ಅದರ ನೀರಿನಲ್ಲೂ ಕ್ರಿಮಿಗಳು ನೆಲೆಸುತ್ತವೆ. ಊಟದ ವಿಷಯದಲ್ಲಿ ಹಿಂದಿನ ಕಟ್ಟುನಿಟ್ಟು ಈಗ ಸಡಿಲಗೊಂಡಿದೆ: ಹಸಿಯಾದುದೆಲ್ಲ ನಿಷಿದ್ಧವೆಂಬ ಪಥ್ಯದಿಂದ ಸೋಂಕು ಕಡಿಮೆಯಾಗುವುದು ಅಧ್ಯಯನಗಳಲ್ಲಿ ಸಿದ್ಧವಾಗಿಲ್ಲ. ಆದರೆ ಬೀದಿಬದಿಯ ಹಣ್ಣಿನ ರಸ, ಬೆಳಗ್ಗೆ ಮಾಡಿಟ್ಟ ಚಟ್ನಿ, ತೊಳೆಯದ ಸೌತೆಕಾಯಿಯ ಕೋಸಂಬರಿ ಬೇಡವೆಂಬ ಮಾತು ಹಾಗೆಯೇ ಉಳಿದಿದೆ. ಬಿಸಿಬಿಸಿ ಅನ್ನ ಸಾರು, ಮುದ್ದೆ, ಆಗಷ್ಟೇ ಬೆಂದ ಇಡ್ಲಿ ಧಾರಾಳವಾಗಿ ತಿನ್ನಬಹುದು.

ಔಷಧದಿಂದಲೂ ರೋಗಿಯನ್ನು ಕಾಯಬೇಕಾಗುತ್ತದೆ. ಅಂಗಳಗಳಲ್ಲಿ ತಾನಾಗಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಚಿಕಿತ್ಸೆಗೆ ಆಧಾರವಾಗಿರುವ ಔಷಧ. ಅದನ್ನು ರಕ್ತನಾಳಕ್ಕೆ ಮಾತ್ರ ಕೊಡಬೇಕು. ಅದೇ ರೋಗದಲ್ಲಿ ಮಿದುಳನ್ನು ಕಾಪಾಡುವುದಕ್ಕಾಗಿ ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಔಷಧವನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಡುತ್ತಾರೆ. ಎರಡೂ ಒಂದೇ ದಿನ ಒಂದೇ ಟ್ರೇಯಲ್ಲಿ ಸಿರಿಂಜುಗಳಾಗಿ ಬಂದಾಗ ಅದಲುಬದಲಾಗಿ ವಿನ್‌ಕ್ರಿಸ್ಟಿನ್ ಬೆನ್ನಿಗೆ ಹೋದ ದುರಂತಗಳು ಹಲವು ದೇಶಗಳಲ್ಲಿ ನಡೆದಿವೆ, ಅವು ಬಹುತೇಕ ಸಾವಿನಲ್ಲೇ ಮುಗಿದಿವೆ. ವಿನ್‌ಕ್ರಿಸ್ಟಿನ್ನನ್ನು ಸಿರಿಂಜಿನಲ್ಲಿ ತುಂಬದೆ ಸಣ್ಣ ಡ್ರಿಪ್ ಚೀಲದಲ್ಲೇ ಬೆರೆಸಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಸಿತು. ಚೀಲವನ್ನು ಬೆನ್ನಿಗೆ ಜೋಡಿಸುವ ಯೋಚನೆ ಯಾರಿಗೂ ಬಾರದು. ಮನುಷ್ಯರ ಗಮನ ದಣಿದಾಗ ತಪ್ಪೀತು ಎಂಬುದನ್ನು ಒಪ್ಪಿಕೊಂಡು ವಸ್ತುವಿನ ಆಕಾರವನ್ನೇ ಬದಲಿಸಿದ ಈ ಉಪಾಯ ಆಸ್ಪತ್ರೆಯ ಸುರಕ್ಷತೆಗೆ ಸಂದ ಅತ್ಯುತ್ತಮ ಕಾಣಿಕೆಗಳಲ್ಲಿ ಒಂದು. ಔಷಧ ಬೆರೆಸುವವರು ತಮ್ಮನ್ನೂ ಕಾಯ್ದುಕೊಳ್ಳಬೇಕು: ಗಾಳಿಯನ್ನು ಒಳಗೆಳೆದು ಸೋಸುವ ಕಪಾಟಿನೊಳಗೆ, ಗ್ಲೌಸು ಗೌನು ಧರಿಸಿ ಅವರು ಕೆಲಸ ಮಾಡುತ್ತಾರೆ, ಗರ್ಭಿಣಿಯರಿಗೆ ಆ ಕೆಲಸ ವಹಿಸುವುದಿಲ್ಲ.

 

ಮಜ್ಜೆ ಚಿಗುರುವ ಸುಳಿವು ಸಿಗುವುದೂ ಗಾಜಿನ ಪಟ್ಟಿಯಲ್ಲೇ. ಹಲವು ಸಲ ಮೊನೋಸೈಟ್ ಎಂಬ ಬಿಳಿಕಣಗಳು ಮೊದಲು ತಲೆಯೆತ್ತುತ್ತವೆ, ಅವುಗಳ ಬೆನ್ನಿಗೆ ನ್ಯೂಟ್ರೋಫಿಲ್‌ಗಳು ಬರುತ್ತವೆ. ಎಣಿಕೆ 500 ದಾಟಿ, ಜ್ವರವಿಲ್ಲದೆ, ಮಜ್ಜೆಯಲ್ಲಿ ಬಲಿಯದ ಕಣಗಳು ನೂರಕ್ಕೆ ಐದಕ್ಕಿಂತ ಕಡಿಮೆಯಾಗಿದ್ದರೆ ರೋಗ ಹಿಡಿತಕ್ಕೆ ಬಂದಿದೆಯೆಂದು ಹೇಳಿ ಮನೆಗೆ ಕಳಿಸುತ್ತಾರೆ. ಆದರೆ ಮುಂದಿನ ಸುತ್ತುಗಳಲ್ಲಿ ಮತ್ತೆ ಮಜ್ಜೆ ಬರಿದಾಗುವುದು ನಿಶ್ಚಿತ, ಆಗ ರೋಗಿ ಎಷ್ಟೋ ಸಲ ಮನೆಯಲ್ಲೇ ಇರುತ್ತಾರೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾಯಚೂರು, ಬೀದರ್, ವಿಜಯಪುರದಂಥ ದೂರದ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಅಂಥ ಊರಿನ ಮನೆಯಲ್ಲಿ ನಡುರಾತ್ರಿ ಜ್ವರ ಏರಿದರೆ, ಆ ಒಂದು ಗಂಟೆಯ ಗಡುವು ರೈಲು ಹತ್ತುವ ಮೊದಲೇ ಮುಗಿದಿರುತ್ತದೆ. ಈ ಕಾರಣಕ್ಕೆ ಬಿಡುಗಡೆಯ ಹೊತ್ತಿನಲ್ಲಿ ದಾದಿಯರು ಮನೆಯವರಿಗೆ ಥರ್ಮಾಮೀಟರ್ ಓದಲು ಕಲಿಸಿ, ಪ್ಯಾರಸಿಟಮಾಲ್ ನುಂಗಿ ಜ್ವರವನ್ನು ಮರೆಸದೆ ಮೊದಲು ಫೋನ್ ಮಾಡಬೇಕೆಂದು ಹೇಳಿ, ಅದನ್ನು ಅವರ ಬಾಯಿಂದಲೇ ಮರಳಿ ಹೇಳಿಸುವುದು ತುಂಬ ಬೆಲೆಯುಳ್ಳ ಕೆಲಸ. ಇದರ ಜೊತೆಗೆ, ಈ ರೋಗಿಗೆ ಕೀಮೋ ಆಗಿದೆ, ಜ್ವರವಿದ್ದರೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಇಂಥ ಆ್ಯಂಟಿಬಯೋಟಿಕ್ಕನ್ನು ಇಷ್ಟು ಪ್ರಮಾಣದಲ್ಲಿ ಕೂಡಲೇ ಕೊಡಿ ಎಂದು ಬರೆದ ಒಂದು ಪತ್ರ ರೋಗಿಯ ಕೈಯಲ್ಲಿರಬೇಕು. ಅದನ್ನು ಕಂಡ ಕೂಡಲೇ ಮೊದಲ ಡೋಸು ಕೊಟ್ಟು ಆಮೇಲೆ ಬೆಂಗಳೂರಿಗೆ ಕಳಿಸುವ ಸಿದ್ಧತೆ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹಗಲೂ ರಾತ್ರಿ ಇರಬೇಕು. ಇದಕ್ಕೆ ಹೊಸ ಕಟ್ಟಡವಾಗಲಿ ದುಬಾರಿ ಯಂತ್ರವಾಗಲಿ ಬೇಕಿಲ್ಲ. ಔಷಧದ ಕಪಾಟಿನಲ್ಲಿ ನಾಲ್ಕಾರು ಸೀಸೆಗಳು, ಪಾಳಿಯಲ್ಲಿರುವವರಿಗೆ ಒಂದು ದಿನದ ತರಬೇತಿ, ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಯೂ ಎತ್ತುವ ಒಂದು ಫೋನು, ಇಷ್ಟಿದ್ದರೆ ಸಾಕು.