ಬೆರಕೆ ಔಷಧಿಯ ಲೆಕ್ಕ
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತು)



ಯಲಿಯೂರಿನ ಗದ್ದೆಗಳಿಗೆ ಬಿ.ಎಚ್.ಸಿ. ಪುಡಿಯನ್ನು ಬರಿಗೈಲಿ ಎರಚಿದವರು ನಾವೇ. ಆ ಪುಡಿಯೇ ಒಂದು ಬೆರಕೆ. ಅದರಲ್ಲಿ ಹುಳ ಕೊಲ್ಲುವ ಅಂಶ ಸ್ವಲ್ಪ; ಬೀಟಾ ಅನ್ನುವ ಇನ್ನೊಂದು ಅಂಶ ಹಾಲಿನ ಜಿಡ್ಡಿನಲ್ಲಿ, ನಮ್ಮ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. 1997ರಲ್ಲಿ ಪುಡಿಗೆ ನಿಷೇಧ ಬಂತು, ಮೈಗೆ ಸೇರಿದ್ದು ಹೋಗಬೇಕಲ್ಲ!

ಕಾಸರಗೋಡಿನ ಪಡ್ರೆಯ ಕಡೆ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಆ ಒಂದು ಔಷಧಿಯ ತಡೆಗೇ 2011ರ ಸುಪ್ರೀಂ ಕೋರ್ಟ್ ಆದೇಶದವರೆಗೆ ಕಾಯಬೇಕಾಯ್ತು. ನಮ್ಮದೋ, ಒಂದೇ ಟ್ಯಾಂಕಿಗೆ ಎರಡು ಮೂರು ಸುರಿಯುವ ರೂಢಿ. ಪರೀಕ್ಷೆ ಬಹುಪಾಲು ಒಂದೊಂದಕ್ಕೇ ಪ್ರತ್ಯೇಕ. ಮೈ ಉಣ್ಣುವುದು ಎಲ್ಲವನ್ನೂ ಒಟ್ಟಿಗೆ. ಒಂದೊಂದೂ ಮಿತಿಯೊಳಗಿದ್ದರೂ ಕೂಡಿದಾಗ ಕೆಡುಕಾಗಬಹುದು ಅಂತಾರೆ ತಿಳಿದವರು.

ಡಾಕ್ಟರು ಕೇಳಿದರೆ ತೋರಿಸಲು ನಮ್ಮಲ್ಲಿ ಒಂದು ಚೀಟಿಯೂ ಇಲ್ಲ. ಸಾಲದ ಲೆಕ್ಕ ಪೈಸೆ ಪೈಸೆಗೂ ಇದೆ! ಏನು, ಎಷ್ಟು, ಯಾವತ್ತು ಬೆರೆಸಿ ಹೊಡೆದಿರಿ ಅಂತ ಬರೆಸಿ. ಸಂಘದಲ್ಲಿ ಒಂದು ಪುಸ್ತಕ ಇಡುತ್ತೇವೆ.