ಪಾರ್ಸೆಲ್ ತಡವಾದಾಗ

ಊರಿಗೆ ಬರಬೇಕಾದ ಪಾರ್ಸೆಲ್ ಎರಡು ದಿನ ತಡವಾಯಿತೆಂದರೆ ನಮ್ಮ ಸಿಟ್ಟು ಮೊದಲು ಬೀಳುವುದು ಡ್ರೈವರನ ಮೇಲೆ. ಕಣ್ಣಿಗೆ ಕಾಣುವವನು ಅವನೊಬ್ಬನೇ ತಾನೆ? ಬುಕಿಂಗ್ ಮಾಡಿಕೊಂಡವರು, ಗೋದಾಮಿನಲ್ಲಿ ಊರುವಾರು ವಿಂಗಡಿಸಿದವರು, "ನಾಳೆಯೇ ತಲಪುತ್ತದೆ" ಎಂದು ಮಾತು ಕೊಟ್ಟವರು ಯಾರೂ ನಮ್ಮ ಬಾಗಿಲಿಗೆ ಬರುವುದಿಲ್ಲ. ಪಂಪಿನ ಬಿಡಿಭಾಗ, ಬಿತ್ತನೆ ಬೀಜ, ಹಿರಿಯರ ಔಷಧಿ ಎಲ್ಲವೂ ಹೀಗೆ ಬರುವ ಕಾಲವಿದು. ನಮ್ಮ ಗಡಿಯೂರುಗಳ ಎಷ್ಟೋ ಮನೆಯ ಹುಡುಗರು ಅಂಥ ಗಾಡಿಗಳನ್ನೇ ಓಡಿಸುತ್ತಿದ್ದಾರೆ. ಆದ್ದರಿಂದ ಈ ವಿಷಯವನ್ನು ಎರಡೂ ಕಡೆಯಿಂದ ನೋಡೋಣ.

ವಯನಾಡಿನ ಕೇಳುಗರಿಗೆ ಬಂಡೀಪುರದ ದಾರಿ ಗೊತ್ತು. 2009ರಲ್ಲಿ ಆರಂಭವಾದ ನಿರ್ಬಂಧದಂತೆ ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಗಾಡಿಗಳನ್ನು ಬಿಡುವುದಿಲ್ಲ. ಕಾಡಿನ ಪ್ರಾಣಿಗಳ ಹಿತಕ್ಕಾಗಿ ಮಾಡಿದ ಕ್ರಮವದು. ಅದರಲ್ಲಿ ತಪ್ಪು ಹುಡುಕುವುದು ಬೇಡ. ಆದರೆ ಬೆಂಗಳೂರಿನ ಗೋದಾಮಿನಲ್ಲಿ ಲೋಡಿಂಗ್ ಒಂದು ಗಂಟೆ ತಡವಾದರೆ ಏನಾಗುತ್ತದೆ? ಗಾಡಿ ಒಂಬತ್ತೂ ಹತ್ತಕ್ಕೆ ಗೇಟಿಗೆ ಬಂದರೆ, ಹತ್ತು ನಿಮಿಷದ ತಡ ರಾತ್ರಿಯಿಡೀ ತಡವಾಗುತ್ತದೆ. ಇಲ್ಲವೇ ಕುಟ್ಟದ ಕಡೆಯಿಂದ ಸುತ್ತಿಕೊಂಡು ಹೋಗಬೇಕು. ಇದನ್ನು ತಪ್ಪಿಸಲು ಡ್ರೈವರ್ ಊಟ ಬಿಟ್ಟು ಗಾಡಿ ಓಡಿಸುತ್ತಾನೆ. ತಾಳವಾಡಿಯ ಕೆಳಗಿನ ದಿಂಬಂ ಘಾಟಿನಲ್ಲೂ 2022ರ ಫೆಬ್ರವರಿಯಿಂದ ರಾತ್ರಿ ನಿರ್ಬಂಧ ಬಂದಿದೆ. ಅಲ್ಲಿರುವುದು 27 ಹೇರ್‌ಪಿನ್ ತಿರುವುಗಳು. ನಿದ್ದೆಗಣ್ಣಿನಲ್ಲಿ, ಅವಸರದಲ್ಲಿ ಇಳಿಯುವ ದಾರಿಯೇ ಅದು?

ಹೀಗೆ, ತಡ ಹುಟ್ಟುವುದು ಒಂದು ಕಡೆ, ಅದನ್ನು ತುಂಬಿಕೊಡಬೇಕಾದವನು ಇನ್ನೊಬ್ಬ. ಅವನು ಅದನ್ನು ತುಂಬುವುದು ತನ್ನ ನಿದ್ದೆಯಿಂದ.

ಕಾನೂನು ಏನೆನ್ನುತ್ತದೆ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ದುಡಿಮೆಯ ಮಿತಿ ಹಾಕಿತ್ತು. ಆದರೆ ಐದು ಮಂದಿಗಿಂತ ಕಡಿಮೆ ಕೆಲಸಗಾರರಿದ್ದ ಕಡೆಗೆ ಆ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುತ್ತಿರಲಿಲ್ಲ. ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕರ ಕೈಕೆಳಗಿದ್ದವರಿಗೆ ಅದರ ನೆರಳು ಸಿಗಲಿಲ್ಲ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಅಲ್ಲೂ ದಿನಕ್ಕೆ 8 ಗಂಟೆಯೇ ಮಿತಿ. ಇನ್ನೊಂದು ಕಡೆ, ರಾಷ್ಟ್ರೀಯ ಪರ್ಮಿಟ್ಟಿನ ಲಾರಿಯಲ್ಲಿ ಇಬ್ಬರು ಡ್ರೈವರುಗಳು ಇರಲೇಬೇಕೆಂಬ ನಿಯಮವನ್ನು 2018ರಲ್ಲಿ ಕೈಬಿಡಲಾಯಿತು. ಈಗ ಒಬ್ಬನೇ ಹೊರಟರೂ ನಡೆಯುತ್ತದೆ. ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು ಸಿಗುವವನು ಗೋದಾಮಿನ ಮುಂದೆ ಕಾದ ಹೊತ್ತಿಗೆ ಬೆಲೆ ಕಟ್ಟುವವರಿಲ್ಲ. ಆ ಹೊತ್ತನ್ನು ಅವನು ರಸ್ತೆಯ ಮೇಲೆ ಓಡಿ ಹಿಂದಕ್ಕೆ ಪಡೆಯಬೇಕು.

ಹಾಗಾದರೆ ಮಾಲು ಕಳಿಸುವ, ಪಡೆಯುವ ನಾವು ಮಾಡಬಹುದಾದದ್ದು ಏನು?

ಮೊದಲನೆಯದು ವಿಳಾಸ. ಪಿನ್‌ಕೋಡಿನ ಮೊದಲ ಅಂಕಿ 5 ಆದರೆ ಕರ್ನಾಟಕ, ಆಂಧ್ರ, ತೆಲಂಗಾಣ; 6 ಆದರೆ ಕೇರಳ, ತಮಿಳುನಾಡು; 4 ಆದರೆ ಮಹಾರಾಷ್ಟ್ರ, ಗೋವಾ. ಕಾಸರಗೋಡಿನ ಮನೆಗೆ "ಮಂಗಳೂರು ಹತ್ತಿರ" ಎಂದು ಬರೆದು ಮಂಗಳೂರಿನ ಪಿನ್ ಹಾಕಿದರೆ ಪೊಟ್ಟಣ ಬೇರೆಯೇ ಗೋದಾಮಿಗೆ ಹೋಗುತ್ತದೆ. ಮಾತು ಕನ್ನಡವಾದರೂ ಪಿನ್ ನಿಮ್ಮ ಅಂಚೆ ಕಚೇರಿಯದೇ ಇರಲಿ. ಊರಿನ ಹೆಸರನ್ನು ಆ ರಾಜ್ಯದ ಭಾಷೆಯಲ್ಲೂ ಬರೆಯಿರಿ. ಫೋನ್ ನಂಬರು ಮರೆಯಬೇಡಿ.

ಎರಡನೆಯದು ರಸೀದಿ. 2007ರ ರಸ್ತೆ ಮೂಲಕ ಸಾಗಣೆ ಕಾಯ್ದೆಯಂತೆ, ಮಾಲು ಕಳಿಸುವವರು ವಿವರದ ಚೀಟಿ ಕೊಡಬೇಕು, ಸಾಗಣೆಯವರು ರಸೀದಿ ಕೊಡಬೇಕು. ಮಾಲಿನ ನಿಜವಾದ ಬೆಲೆಯನ್ನೂ, ತಲಪಬೇಕಾದ ಅವಧಿಯನ್ನೂ ಒಪ್ಪಿ ಚೀಟಿಯಲ್ಲಿ ಬರೆಸಿ. ಹೆಚ್ಚಿನ ದರ ಒಪ್ಪಿಕೊಳ್ಳದಿದ್ದರೆ, ಮಾಲು ಕಳೆದರೆ ಸಾಗಣೆಯವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ನೂರು ರೂಪಾಯಿ ಬಾಡಿಗೆ ಕೊಟ್ಟವರಿಗೆ ಹೆಚ್ಚೆಂದರೆ ಸಾವಿರ. ಅದೂ ನೀವು ಬರೆಸಿದ ಬೆಲೆಯನ್ನು ಮೀರುವಂತಿಲ್ಲ. ಮಾಲು ಕಳೆದರೆ, ಕೆಟ್ಟರೆ, ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಬರಹದಲ್ಲಿ ನೋಟೀಸು ಕೊಡಬೇಕು. ದೂರು ಹೋಗಬೇಕಾದದ್ದು ಕಂಪನಿಗೆ. ಬಾಗಿಲಲ್ಲಿ ನಿಂತ ಹುಡುಗನನ್ನು ಬೈದರೆ ನೋಟೀಸು ಕೊಟ್ಟಂತಾಗುವುದಿಲ್ಲ.

ಮೂರನೆಯದು ನಮ್ಮ ಅವಸರ. ಜೀವ ಉಳಿಸುವ ಔಷಧಿಗೆ ಅವಸರ ಬೇಕು. ಅದಕ್ಕಾಗಿ ಮೊದಲೇ, ನಾಲ್ಕು ದಿನದ ಮಾತ್ರೆ ಉಳಿದಿರುವಾಗಲೇ ತರಿಸಿಕೊಳ್ಳುವುದು ಜಾಣತನ. ಸೀರೆಗೂ ಚಪ್ಪಲಿಗೂ ಅಂಥ ಅವಸರವೇಕೆ? "ನಾಳೆಯೇ ಬೇಕು" ಎಂದು ನಾವು ಕೇಳಿದ್ದು ಕೊನೆಗೆ ಯಾರದೋ ರಾತ್ರಿಯ ನಿದ್ದೆಗೆ ಬಂದು ತಟ್ಟುತ್ತದೆ. ನಿದ್ದೆಯಿಲ್ಲದ ಡ್ರೈವರ್ ಅಪಘಾತ ಮಾಡಿಕೊಂಡರೆ ಪಾರ್ಸೆಲ್ಲೂ ತಲಪುವುದಿಲ್ಲ, ಮನೆಗೆ ಮಗನೂ ತಲಪುವುದಿಲ್ಲ.

ಹೊತ್ತಿಗೆ ಸರಿಯಾಗಿ ಬರುವ ಪಾರ್ಸೆಲ್ಲು, ಹೊತ್ತಿಗೆ ಸರಿಯಾಗಿ ಉಂಡು ಮಲಗಿದ ಡ್ರೈವರು, ಇವೆರಡೂ ಒಂದೇ ವ್ಯವಸ್ಥೆಯ ಫಲ. ಮುಂದಿನ ಸಲ ಪೊಟ್ಟಣ ತಂದವರಿಗೆ ಒಂದು ಲೋಟ ನೀರು ಕೊಡಿ. ಎಷ್ಟು ಹೊತ್ತಿಗೆ ಹೊರಟಿರಿ ಎಂದು ಕೇಳಿ. ಅವರು ಹೇಳುವ ಗಂಟೆಯಲ್ಲಿ ತಡದ ಕಾರಣ ಅರ್ಧ ತಿಳಿಯುತ್ತದೆ.